ಪೋಪ್ ಪತ್ರ, ಟಿಟ್ವಾಳಾ ನೆಲ, ತಳೋಜಾ ಜೈಲು: ಬಡವರ ಕೂಲಿಯ ಪ್ರಶ್ನೆ ಧರ್ಮದ್ದೋ, ರಾಜಕೀಯದ್ದೋ?

ಕಲ್ಯಾಣ್‌ನಿಂದ ಕಸಾರಾ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಶಹಾಡ್, ಅಂಬಿವಲಿ ದಾಟಿದರೆ ಸಿಗುವ ನಿಲ್ದಾಣ ಟಿಟ್ವಾಳಾ. ಮುಂಬೈ ಕನ್ನಡಿಗರಿಗೆ ಈ ಊರು ಗೊತ್ತಿರುವುದು ಮಹಾಗಣಪತಿ ದೇವಸ್ಥಾನದಿಂದ. ಅಂಗಾರಕ ಸಂಕಷ್ಟಿಯ ದಿನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಆದರೆ 1945ರ ಜನವರಿಯಲ್ಲಿ ಇದೇ ಟಿಟ್ವಾಳಾದಲ್ಲಿ ಬೇರೆಯೇ ಜನ ಸೇರಿದ್ದರು. ಅದು ಮಹಾರಾಷ್ಟ್ರ ಕಿಸಾನ್ ಸಭಾದ ಸ್ಥಾಪನಾ ಸಮ್ಮೇಳನ. ಸಾವಿರಾರು ರೈತರ ನಡುವೆ ಥಾಣೆ ಜಿಲ್ಲೆಯ ಉತ್ತರದ ಕಾಡಂಚಿನಿಂದ ಬಂದಿದ್ದ ವಾರ್ಲಿ ಆದಿವಾಸಿಗಳು ಹೆಚ್ಚೆಂದರೆ ಹದಿನೈದು ಮಂದಿ. ಅವರು ಹೇಳಿದ್ದು ಎರಡು ಸಂಗತಿ. ಒಂದು, ಜಮೀನ್ದಾರರ ಹೊಲದಲ್ಲಿ ಮಾಡಬೇಕಿದ್ದ ಬಿಟ್ಟಿ ಚಾಕರಿ. ಇನ್ನೊಂದು, ಮದುವೆಗೆಂದು ಮಾಡಿದ ಸಾಲಕ್ಕೆ ಗಂಡ ಹೆಂಡತಿ ಇಬ್ಬರೂ ಸಾವ್ಕಾರನ ಆಳಾಗಿ ಬದುಕು ಸವೆಸಬೇಕಿದ್ದ 'ಲಗ್ನಗಡಿ' ಪದ್ಧತಿ.

ಅದೇ ವರ್ಷ ಶ್ಯಾಮರಾವ್ ಮತ್ತು ಗೋದಾವರಿ ಪಾರುಳೇಕರ್ ದಂಪತಿಯ ನೇತೃತ್ವದಲ್ಲಿ ವಾರ್ಲಿಗಳ ಬಂಡಾಯ ಶುರುವಾಯಿತು. ಅಕ್ಟೋಬರ್ 10ರಂದು ತಲವಾಡಾದಲ್ಲಿ ನಡೆದ ಗೋಲಿಬಾರ್‌ಗೆ ಐವರು ಬಲಿಯಾದರು.

ಇದು ಕಮ್ಯುನಿಸ್ಟರ ಕಥೆ. ಚರ್ಚ್‌ಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ. ಟಿಟ್ವಾಳಾದಲ್ಲಿ ಎದ್ದ ಪ್ರಶ್ನೆ ಮೂವತ್ತು ವರ್ಷಗಳ ನಂತರ ಅದೇ ಥಾಣೆ ಜಿಲ್ಲೆಯ ಕೆಲವು ಕ್ರೈಸ್ತ ಪಾದ್ರಿಗಳ ಬಾಗಿಲು ತಟ್ಟಿತು: ಆದಿವಾಸಿಗೆ ಗಂಜಿ ಕೊಡುವುದು ಧರ್ಮವಾದರೆ, ಅವನ ಕೂಲಿ ಮತ್ತು ಜಮೀನಿನ ಬಗ್ಗೆ ಮಾತಾಡುವುದು ಏನು? ಜಗತ್ತಿನ ಚರ್ಚ್‌ಗಳು ಐವತ್ತು ವರ್ಷಗಳಿಂದ ಕಿತ್ತಾಡುತ್ತಿರುವುದು ಇದೇ ಪ್ರಶ್ನೆಯ ಮೇಲೆ. ಆ ಜಗಳ ಈಗ ಮತ್ತೆ ಮುನ್ನೆಲೆಗೆ ಬಂದಿದೆ.

ಹೊಸ ಪೋಪ್, ಹಳೆಯ ಪತ್ರ

2025ರ ಅಕ್ಟೋಬರ್ 9ರಂದು ಪೋಪ್ 14ನೇ ಲಿಯೋ ತಮ್ಮ ಮೊದಲ ದೊಡ್ಡ ಬೋಧನಾ ಪತ್ರ 'ದಿಲೆಕ್ಸಿ ತೆ' ಬಿಡುಗಡೆ ಮಾಡಿದರು. ವಿಷಯ ಬಡವರ ಮೇಲಿನ ಪ್ರೀತಿ. ಪೋಪ್ ಫ್ರಾನ್ಸಿಸ್ ಬರೆಯಲು ಆರಂಭಿಸಿ ಅರ್ಧಕ್ಕೆ ಬಿಟ್ಟುಹೋದದ್ದನ್ನು ಲಿಯೋ ಮುಗಿಸಿದರು. ದಾನಧರ್ಮ ಮಾಡಿ ಎಂಬಲ್ಲಿಗೆ ಪತ್ರ ನಿಲ್ಲುವುದಿಲ್ಲ. ಬಡತನಕ್ಕೆ ಆರ್ಥಿಕ ವ್ಯವಸ್ಥೆಯೇ ಕಾರಣ, ಅನ್ಯಾಯದ ರಚನೆಗಳನ್ನು ಬದಲಿಸಬೇಕು ಎಂದು ಅದು ನೇರವಾಗಿ ಹೇಳುತ್ತದೆ.

ಹೆಚ್ಚು ಜನ ಗಮನಿಸದ ಒಂದು ಸಂಗತಿ ಈ ಪತ್ರದ 98ನೇ ಪ್ಯಾರಾದಲ್ಲಿದೆ. ಅಲ್ಲಿ ಲಿಯೋ 1984ರ ವ್ಯಾಟಿಕನ್ ದಾಖಲೆಯೊಂದನ್ನು ಉಲ್ಲೇಖಿಸಿದ್ದಾರೆ. ಆ ದಾಖಲೆಯ ಉದ್ದೇಶ 'ವಿಮೋಚನಾ ದೈವಶಾಸ್ತ್ರ'ಕ್ಕೆ ಕಡಿವಾಣ ಹಾಕುವುದು. ಅದನ್ನು ಹೊರಡಿಸಿದವರು ಅಂದಿನ ವಿಶ್ವಾಸ ಸಿದ್ಧಾಂತ ಮಂಡಳಿಯ ಮುಖ್ಯಸ್ಥ, ಮುಂದೆ ಪೋಪ್ ಬೆನೆಡಿಕ್ಟ್ ಆದ ಕಾರ್ಡಿನಲ್ ಜೋಸೆಫ್ ರಾಟ್ಸಿಂಗರ್. ಆದರೆ ಅದೇ ದಾಖಲೆಯ ಕೊನೆಯ ಭಾಗದಲ್ಲಿ ಒಂದು ಎಚ್ಚರಿಕೆಯೂ ಇತ್ತು. ಶುದ್ಧ ಸಿದ್ಧಾಂತದ ಕಾವಲುಗಾರರು ಅನ್ಯಾಯದ ಮುಂದೆ ಕೈಕಟ್ಟಿ ಕೂತಿದ್ದಾರೆ, ಕೆಲವೊಮ್ಮೆ ಅದರಲ್ಲಿ ಪಾಲುದಾರರೂ ಆಗಿದ್ದಾರೆ ಎಂಬ ಆರೋಪವಿದೆ, ಅದನ್ನು ಅವರು ಕಿವಿಗೆ ಹಾಕಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಆ ಸಾಲುಗಳನ್ನೇ ಲಿಯೋ ಆರಿಸಿಕೊಂಡಿದ್ದಾರೆ.

ಪೋಪ್ ಹಿನ್ನೆಲೆ ಗೊತ್ತಿದ್ದರೆ ಈ ಆಯ್ಕೆ ಅಚ್ಚರಿ ತರುವುದಿಲ್ಲ. ರಾಬರ್ಟ್ ಪ್ರಿವೋಸ್ಟ್ ಆಗಿದ್ದಾಗ ಅವರು ಬಹುಕಾಲ ದುಡಿದದ್ದು ಪೆರು ದೇಶದಲ್ಲಿ. ವಿಮೋಚನಾ ದೈವಶಾಸ್ತ್ರಕ್ಕೆ ಹೆಸರು ಕೊಟ್ಟ ಗುಸ್ತಾವೊ ಗುಟಿಯೆರೆಜ್ ಕೂಡ ಪೆರುವಿನವರೇ. ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದೂ 1891ರಲ್ಲಿ ಕಾರ್ಮಿಕರ ಹಕ್ಕುಗಳ ಬಗ್ಗೆ 'ರೇರುಂ ನೊವಾರುಂ' ಪತ್ರ ಬರೆದ 13ನೇ ಲಿಯೋ ನೆನಪಿಗೆ.

ಜಗಳ ಇರುವುದಾದರೂ ಎಲ್ಲಿ?

ಗುಟಿಯೆರೆಜ್ ತಮ್ಮ ಪುಸ್ತಕ ಪ್ರಕಟಿಸಿದ್ದು 1971ರಲ್ಲಿ. ಅವರ ವಾದವನ್ನು ಸರಳವಾಗಿ ಹೀಗೆ ಹೇಳಬಹುದು: ದೇವರು ಬಡವರ ಪಕ್ಷಪಾತಿ. ಆದ್ದರಿಂದ ದೈವಶಾಸ್ತ್ರ ಗ್ರಂಥಾಲಯದಿಂದ ಶುರುವಾಗಬಾರದು, ಬಡವರ ಬದುಕಿನಿಂದ ಶುರುವಾಗಬೇಕು. ಪಾಪ ವ್ಯಕ್ತಿಯ ಮನಸ್ಸಿನಲ್ಲಷ್ಟೇ ಇಲ್ಲ, ಜಮೀನು ಹಂಚಿಕೆಯಲ್ಲಿ, ಸಾಲದ ಬಡ್ಡಿಯಲ್ಲಿ, ದೇಶಗಳ ನಡುವಿನ ವ್ಯಾಪಾರದ ನಿಯಮಗಳಲ್ಲೂ ಇದೆ.

ಇದಕ್ಕೆ ಬಂದ ವಿರೋಧವನ್ನು ಶ್ರೀಮಂತರ ಪರ ವಕಾಲತ್ತು ಎಂದು ತಳ್ಳಿಹಾಕುವುದು ಸುಲಭ. ಅದು ಪೂರ್ತಿ ನ್ಯಾಯವಲ್ಲ. ರಾಟ್ಸಿಂಗರ್ ಎತ್ತಿದ ಆಕ್ಷೇಪದಲ್ಲಿ ತೂಕವಿತ್ತು. ಮಾರ್ಕ್ಸ್‌ನ ವರ್ಗ ಸಂಘರ್ಷದ ಕನ್ನಡಕ ಹಾಕಿಕೊಂಡು ಬೈಬಲ್ ಓದಿದರೆ ಯೇಸು ಒಬ್ಬ ರಾಜಕೀಯ ನಾಯಕನಾಗಿ ಉಳಿಯುತ್ತಾನೆ, ದೇವರ ರಾಜ್ಯ ಒಂದು ಪಕ್ಷದ ಪ್ರಣಾಳಿಕೆಯಾಗುತ್ತದೆ ಎಂಬ ಭಯ ಅವರದ್ದು. ಪೂರ್ವ ಯುರೋಪಿನಲ್ಲಿ ಕಮ್ಯುನಿಸ್ಟ್ ಸರ್ಕಾರಗಳು ಚರ್ಚ್‌ಗೆ ಏನು ಮಾಡಿದ್ದವು ಎಂಬುದನ್ನು ಪೋಲೆಂಡ್ ಮೂಲದ ಪೋಪ್ 2ನೇ ಜಾನ್ ಪಾಲ್ ಕಣ್ಣಾರೆ ಕಂಡಿದ್ದರು.

ಇನ್ನೊಂದು ವ್ಯಂಗ್ಯವೂ ಲ್ಯಾಟಿನ್ ಅಮೆರಿಕದಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ವಿಮೋಚನೆಯ ಪಂಡಿತರು ಬಡವರನ್ನು ಆರಿಸಿಕೊಂಡರು, ಬಡವರು ಮಾತ್ರ ಪೆಂಟೆಕೋಸ್ಟಲ್ ಸಭೆಗಳನ್ನು ಆರಿಸಿಕೊಂಡರು ಎಂಬುದು. ಕಾಯಿಲೆಗೆ ಪ್ರಾರ್ಥನೆ, ಕುಡಿತ ಬಿಡಿಸುವ ಸಾಕ್ಷ್ಯ, ಕೆಲಸ ಸಿಗುವ ಭರವಸೆ: ದಿನಗೂಲಿಯವನಿಗೆ ಇವು ರಚನೆ, ವ್ಯವಸ್ಥೆ ಎಂಬ ಪದಗಳಿಗಿಂತ ಹತ್ತಿರ. ಆದರೆ 'ನಂಬಿದರೆ ಹಣ ಬರುತ್ತದೆ' ಎಂಬ ಬೋಧನೆ ಶುರುವಾದಲ್ಲಿ, ಬಡತನ ಮತ್ತೆ ಬಡವನದೇ ತಪ್ಪಾಗುತ್ತದೆ ಎಂಬುದನ್ನೂ ಹೇಳಬೇಕು.

ಫ್ರಾನ್ಸಿಸ್ 2013ರಲ್ಲಿ ಜನರನ್ನು ಹೊರದಬ್ಬುವ ಆರ್ಥಿಕತೆಯನ್ನು ಟೀಕಿಸಿದಾಗ ಅಮೆರಿಕದ ರೇಡಿಯೋ ನಿರೂಪಕ ರಶ್ ಲಿಂಬಾ ಅದನ್ನು ಮಾರ್ಕ್ಸ್‌ವಾದ ಎಂದು ಕರೆದಿದ್ದರು. ಮಾರ್ಕ್ಸ್‌ವಾದ ತಪ್ಪು, ಆದರೆ ತಮಗೆ ಪರಿಚಯವಿದ್ದ ಮಾರ್ಕ್ಸ್‌ವಾದಿಗಳು ಒಳ್ಳೆಯ ಮನುಷ್ಯರು ಎಂಬರ್ಥದಲ್ಲಿ ಫ್ರಾನ್ಸಿಸ್ ಉತ್ತರಿಸಿದ್ದರು.

ಗುಲಾಮರ ನೆಲಮಾಳಿಗೆಯ ಮೇಲಿನ ಪ್ರಾರ್ಥನಾ ಮಂದಿರ

ಇದು ಕ್ಯಾಥೊಲಿಕರ ಒಳಜಗಳವಷ್ಟೇ ಅಲ್ಲ. ಪ್ರಾಟೆಸ್ಟಂಟರಲ್ಲಿ ಇದೇ ಪ್ರಶ್ನೆ ಇನ್ನೂ ಖಡಕ್ಕಾಗಿ ಎದ್ದಿತು.

2004ರಲ್ಲಿ ರಿಫಾರ್ಮ್ಡ್ ಚರ್ಚ್‌ಗಳ ವಿಶ್ವ ಒಕ್ಕೂಟದ ಮಹಾಸಭೆ ಘಾನಾದ ಅಕ್ರಾದಲ್ಲಿ ನಡೆಯಿತು. ಪ್ರತಿನಿಧಿಗಳು ಕರಾವಳಿಯ ಎಲ್ಮಿನಾ ಕೋಟೆಗೆ ಹೋದರು. ಕೆಳಗೆ ಹಡಗಿಗೆ ಕಾಯುವ ಗುಲಾಮರನ್ನು ತುಂಬಿಡುತ್ತಿದ್ದ ಕತ್ತಲ ಕೋಣೆ, ಅದರ ಮೇಲೆ ಡಚ್ ವ್ಯಾಪಾರಿಗಳ ಪ್ರಾರ್ಥನಾ ಮಂದಿರ. ಮೇಲೆ ಹಾಡುತ್ತಿದ್ದವರ ಸಿದ್ಧಾಂತದಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ. ಆದರೆ ಅವರ ಕಾಲಕೆಳಗೆ ಏನಿತ್ತು?

ಆ ಸಭೆ ಹೊರಡಿಸಿದ 'ಅಕ್ರಾ ನಿವೇದನೆ' ಹೇಳಿದ್ದು ಇಷ್ಟು: ಜಾಗತಿಕ ಆರ್ಥಿಕ ಅನ್ಯಾಯದ ಬಗ್ಗೆ ಚರ್ಚ್ ತಳೆಯುವ ನಿಲುವು ಐಚ್ಛಿಕ ಸಮಾಜಸೇವೆಯಲ್ಲ, ಅದು ವಿಶ್ವಾಸದ್ದೇ ಪ್ರಶ್ನೆ. ಇದಕ್ಕೊಂದು ಪೂರ್ವನಿದರ್ಶನವಿತ್ತು. 1982ರಲ್ಲಿ ಒಟ್ಟಾವಾದಲ್ಲಿ ಇದೇ ಒಕ್ಕೂಟ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಗೆ ಧರ್ಮಶಾಸ್ತ್ರದ ಸಮರ್ಥನೆ ಕೊಡುವುದನ್ನು ಧರ್ಮದ್ರೋಹ ಎಂದು ಘೋಷಿಸಿತ್ತು.

ಯುರೋಪಿನ ಹಲವು ಚರ್ಚ್‌ಗಳು ಈ ಬಾರಿ ತಲೆದೂಗಲಿಲ್ಲ. ವರ್ಣಭೇದ ನೀತಿ ಎಲ್ಲರ ಕಣ್ಣಿಗೆ ಕಾಣುವ ಒಂದು ಕಾನೂನು. ಮಾರುಕಟ್ಟೆ ಹಾಗಲ್ಲ. ಆಮದು ಸುಂಕದ ಬಗ್ಗೆ ಇಬ್ಬರು ಪ್ರಾಮಾಣಿಕ ಕ್ರೈಸ್ತರು ಬೇರೆಬೇರೆ ಅಭಿಪ್ರಾಯ ಹೊಂದಬಹುದಲ್ಲವೇ? 'ಸಾಮ್ರಾಜ್ಯ' ಎಂಬ ಪದ ಬಳಸಿ ಅರ್ಥಶಾಸ್ತ್ರದ ಭಿನ್ನಮತವನ್ನು ಪಾಪದ ಪಟ್ಟಿಗೆ ಸೇರಿಸುವುದು ಸರಿಯೇ? ಜರ್ಮನಿಯ ಮತ್ತು ದಕ್ಷಿಣ ಆಫ್ರಿಕಾದ ಎರಡು ಚರ್ಚ್‌ಗಳು ಈ ಒಂದು ಪದದ ಅರ್ಥದ ಮೇಲೆ ವರ್ಷಗಟ್ಟಲೆ ಮಾತುಕತೆ ನಡೆಸಬೇಕಾಯಿತು.

ಸಾಲದ ಲೆಕ್ಕ ನೋಡಿದರೆ ಅಕ್ರಾದ ಮಾತನ್ನು ಅತಿರೇಕ ಎನ್ನುವುದು ಕಷ್ಟ. ಆರೋಗ್ಯ ಅಥವಾ ಶಿಕ್ಷಣಕ್ಕಿಂತ ಸಾಲದ ಬಡ್ಡಿಗೇ ಹೆಚ್ಚು ಖರ್ಚು ಮಾಡುವ ದೇಶಗಳಲ್ಲಿ 330 ಕೋಟಿ ಜನ ಬದುಕುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ 2024ರಲ್ಲಿ ಹೇಳಿತ್ತು. 2025 ಕ್ಯಾಥೊಲಿಕರ ಜುಬಿಲಿ ವರ್ಷ. ಬೈಬಲ್ಲಿನ ಜುಬಿಲಿ ಎಂದರೆ ಐವತ್ತು ವರ್ಷಕ್ಕೊಮ್ಮೆ ಒತ್ತೆಯಾಳುಗಳ ಬಿಡುಗಡೆ, ಕೈತಪ್ಪಿದ ಜಮೀನಿನ ವಾಪಸಾತಿ. ಬಡ ದೇಶಗಳ ಸಾಲದ ಬಗ್ಗೆ ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ ನೇತೃತ್ವದ ತಂಡದಿಂದ ವರದಿ ಬರೆಸಿದ್ದೂ ಆ ಹಿನ್ನೆಲೆಯಲ್ಲೇ. ಟಿಟ್ವಾಳಾಕ್ಕೆ ಬಂದ ವಾರ್ಲಿಗಳು ಲಗ್ನಗಡಿಯ ಬಗ್ಗೆ ಕೇಳಿದ್ದು ಇದಕ್ಕಿಂತ ತೀರಾ ದೂರದ ಸಂಗತಿಯೇನಲ್ಲ.

ಬೆಂಗಳೂರಿನಲ್ಲೇ ನಡೆದ ವಾದ

ಈ ಜಾಗತಿಕ ವಾದದ ಒಂದು ಮುಖ್ಯ ಅಡ್ಡಾ ಬೆಂಗಳೂರು ಎಂಬುದು ಕನ್ನಡಿಗರಿಗೇ ಅಷ್ಟಾಗಿ ಗೊತ್ತಿಲ್ಲ.

ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಬೆಂಗಳೂರಿನಲ್ಲಿದ್ದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾಗಿದ್ದವರು ಕೇರಳದ ಎಂ.ಎಂ. ಥಾಮಸ್. 1968ರಿಂದ 1975ರವರೆಗೆ ಅವರು ಚರ್ಚ್‌ಗಳ ವಿಶ್ವ ಮಂಡಳಿಯ ಕೇಂದ್ರ ಸಮಿತಿಯ ಅಧ್ಯಕ್ಷ. ಪಾದ್ರಿ ದೀಕ್ಷೆ ಪಡೆಯದವರೊಬ್ಬರು ಆ ಸ್ಥಾನದಲ್ಲಿ ಕೂತಿದ್ದರು ಎಂಬುದೇ ವಿಶೇಷ. ರಕ್ಷಣೆ ಮತ್ತು ಮಾನವೀಕರಣ ಬೇರೆಬೇರೆಯಲ್ಲ, ಮನುಷ್ಯನ ಘನತೆಗಾಗಿ ನಡೆಯುವ ಹೋರಾಟದಲ್ಲೂ ಕ್ರಿಸ್ತನ ಕೆಲಸ ನಡೆಯುತ್ತಿದೆ ಎಂಬುದು ಥಾಮಸ್ ವಾದ. ತಮಿಳುನಾಡಿನಲ್ಲಿ ದುಡಿದ ಬ್ರಿಟಿಷ್ ಬಿಷಪ್ ಲೆಸ್ಲಿ ನ್ಯೂಬಿಗಿನ್ ಇದನ್ನು ಒಪ್ಪಲಿಲ್ಲ. ಹಾಗಾದರೆ ದೀಕ್ಷಾಸ್ನಾನಕ್ಕೆ, ಸಭೆಗೆ ಏನು ಅರ್ಥ ಎಂದು ಕೇಳಿದರು. ಇಬ್ಬರೂ ಗೆಳೆಯರು, ಇಬ್ಬರೂ ವಿದ್ವಾಂಸರು. ಅವರ ಪತ್ರವ್ಯವಹಾರವನ್ನು ದೈವಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಜೆಸ್ಯೂಟ್ ಪಾದ್ರಿ ಸೆಬಾಸ್ಟಿಯನ್ ಕಪ್ಪೆನ್‌ಗೆ ಅಂಥ ಗೆಳೆಯರ ವಾದ ಸಿಗಲಿಲ್ಲ. ಯೇಸು ಮತ್ತು ಸ್ವಾತಂತ್ರ್ಯದ ಬಗ್ಗೆ 1977ರಲ್ಲಿ ಅವರು ಬರೆದ ಪುಸ್ತಕದ ಮೇಲೆ ವ್ಯಾಟಿಕನ್ ಕಣ್ಣುಬಿತ್ತು. 1980ರಲ್ಲಿ ಸಿದ್ಧಾಂತ ಮಂಡಳಿ ಆಕ್ಷೇಪ ಎತ್ತಿತು. ಕಪ್ಪೆನ್ ತಿದ್ದುಪಡಿ ಮಾಡುವ ಬದಲು ಏಷ್ಯಾದ ದೈವಶಾಸ್ತ್ರಕ್ಕೆ ಸೆನ್ಸಾರ್ ಹಾಕುವುದರ ಬಗ್ಗೆಯೇ ಇನ್ನೊಂದು ಬರಹ ಪ್ರಕಟಿಸಿದರು.

ಈ ಎಲ್ಲ ವಾದಗಳಲ್ಲಿ ಒಂದು ಪದ ಬಹುಕಾಲ ಕಾಣೆಯಾಗಿತ್ತು. ಅದು ಜಾತಿ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಬಗ್ಗೆ ಮಾಡಿದ ಭಾಷಣ ಆ ಕೊರತೆಯನ್ನು ಎತ್ತಿ ತೋರಿಸಿತು. ದಲಿತ ದೈವಶಾಸ್ತ್ರದ ಆರಂಭವನ್ನು ಅನೇಕರು ಗುರುತಿಸುವುದು ಅಲ್ಲಿಂದಲೇ. ಲ್ಯಾಟಿನ್ ಅಮೆರಿಕದಿಂದ ತಂದ ವರ್ಗದ ಅಳತೆಗೋಲು ಭಾರತದ ಬಡವನನ್ನು ಪೂರ್ತಿ ಅಳೆಯುವುದಿಲ್ಲ ಎಂಬುದು ಅವರ ಪ್ರಶ್ನೆಯ ಸಾರ. ಚರ್ಚ್‌ನಲ್ಲೇ ಬೇರೆ ಸಾಲು, ಬೇರೆ ಸಮಾಧಿ ಭೂಮಿ ಇರುವಾಗ 'ಬಡವರ ಚರ್ಚ್' ಯಾರದ್ದು?

ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿ, ತನ್ನೊಳಗೆ ಅಸ್ಪೃಶ್ಯತೆ ಇದೆ ಎಂದು ಲಿಖಿತವಾಗಿ ಒಪ್ಪಿಕೊಂಡದ್ದು 2016ರ ಡಿಸೆಂಬರ್‌ನಲ್ಲಿ. ನಿರ್ಮಲ್ ಭಾಷಣಕ್ಕೂ ಇದಕ್ಕೂ 35 ವರ್ಷಗಳ ಅಂತರ. ಅತ್ತ ಸರ್ಕಾರದ ಕಡೆಯಿಂದಲೂ ಬಾಗಿಲು ಮುಚ್ಚಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ.

ಮಂಗಳೂರು ಹೆಂಚಿನ ಪಾಠ

ಸಿದ್ಧಾಂತ ಮತ್ತು ಹೊಟ್ಟೆಪಾಡನ್ನು ಬೇರೆಬೇರೆ ಇಡಬಹುದು ಎನ್ನುವವರು ಒಮ್ಮೆ ಮಂಗಳೂರಿನ ಇತಿಹಾಸ ನೋಡಬೇಕು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್‌ಗೆ ಕಾರ್ಖಾನೆ ಕಟ್ಟುವ ಉದ್ದೇಶವಿರಲಿಲ್ಲ. ಆದರೆ ಮತಾಂತರವಾದವರು ಜಾತಿ ಬಿಡಬೇಕು ಎಂಬ ನಿಯಮ ಕಟ್ಟುನಿಟ್ಟಾಗಿತ್ತು. ಶೇಂದಿ ಇಳಿಸುವ ಕಸುಬು ಕ್ರೈಸ್ತನಿಗೆ ತಕ್ಕದ್ದಲ್ಲ ಎಂಬುದು ಮಿಷನರಿಗಳ ನಿಲುವು. ಜಾತಿ ಬಿಟ್ಟವನಿಗೆ ಗೇಣಿ ಜಮೀನೂ ಹೋಯಿತು, ಕಸುಬೂ ಹೋಯಿತು, ನೆಂಟರೂ ಹೋದರು. ಹೀಗೆ ಸಿದ್ಧಾಂತವೇ ನಿರುದ್ಯೋಗ ಸೃಷ್ಟಿಸಿತು.

ಅದಕ್ಕೆ ಉತ್ತರವಾಗಿ ಬಂದದ್ದು ನೇಯ್ಗೆ ಶಾಲೆ, ಮುದ್ರಣಾಲಯ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ. ಕೆಲಸ ಸಿಕ್ಕಿತು, ಕೈಕಸುಬು ಬಂತು. ಜೊತೆಗೇ ಇನ್ನೊಂದು ಸಮಸ್ಯೆಯೂ ಬಂತು. ಭಾನುವಾರ ಉಪದೇಶ ಕೊಡುವ ಸಂಸ್ಥೆಯೇ ಸೋಮವಾರ ಸಂಬಳ ಕೊಡುವ ಮಾಲೀಕನಾದರೆ, ಕೂಲಿ ಸಾಲದು ಎಂದು ಯಾರ ಬಳಿ ಹೇಳುವುದು? ಲಾಭ ಮಾಡುವುದು ಮಿಷನ್‌ನ ಕೆಲಸವೇ ಎಂಬ ಚರ್ಚೆ ಆ ಕಾಲದಲ್ಲೇ ನಡೆದಿತ್ತು. ಶಾಲೆ, ಆಸ್ಪತ್ರೆಗಳನ್ನು ನಡೆಸುವ ಇಂದಿನ ಚರ್ಚ್‌ಗಳಿಗೂ ಈ ಪ್ರಶ್ನೆ ಹಾಗೇ ಅನ್ವಯಿಸುತ್ತದೆ. ಜಾಗತಿಕ ನ್ಯಾಯದ ಬಗ್ಗೆ ಹೇಳಿಕೆ ಕೊಡುವುದು ಸುಲಭ, ತನ್ನದೇ ಶಾಲೆಯ ಗುತ್ತಿಗೆ ಶಿಕ್ಷಕಿಯ ಸಂಬಳದ ಬಗ್ಗೆ ಮಾತಾಡುವುದು ಕಷ್ಟ.

ಮತ್ತೆ ಥಾಣೆಗೆ: ತಲಾಸರಿಯ ಪಾದ್ರಿ

1974-75ರಲ್ಲಿ ರೋಮ್‌ನಲ್ಲಿ ನಡೆದ ಜೆಸ್ಯೂಟರ 32ನೇ ಮಹಾಸಭೆ ಒಂದು ನಿರ್ಣಯ ಅಂಗೀಕರಿಸಿತು. ವಿಶ್ವಾಸದ ಸೇವೆಯೇ ತಮ್ಮ ಕೆಲಸ, ನ್ಯಾಯಕ್ಕಾಗಿ ದುಡಿಯುವುದು ಅದರ ಅವಿಭಾಜ್ಯ ಭಾಗ ಎಂಬುದು ಅದರ ತಿರುಳು. ಆಗಿನ ಮುಖ್ಯಸ್ಥ ಪೇದ್ರೊ ಅರೂಪೆ ಈ ನಿರ್ಣಯಕ್ಕೆ ಬೆಲೆ ತೆರಬೇಕಾಗಬಹುದು ಎಂದು ಬಲ್ಲವರಾಗಿದ್ದರು. 1981ರಲ್ಲಿ ಅರೂಪೆ ಪಾರ್ಶ್ವವಾಯುವಿಗೆ ತುತ್ತಾದಾಗ ಪೋಪ್ ಜಾನ್ ಪಾಲ್, ಸಂಘದ ಸ್ವಂತ ನಿಯಮದಂತೆ ಉತ್ತರಾಧಿಕಾರಿಯ ಆಯ್ಕೆಗೆ ಬಿಡದೆ ತಮ್ಮದೇ ಪ್ರತಿನಿಧಿಯನ್ನು ನೇಮಿಸಿದರು.

ಆ ನಿರ್ಣಯದ ಬಿಸಿ ಥಾಣೆ ಜಿಲ್ಲೆಗೂ ತಟ್ಟಿತು. ಗುಜರಾತ್ ಗಡಿಯ ತಲಾಸರಿಯಲ್ಲಿ ಜೆಸ್ಯೂಟರ ಮಿಷನ್ ಇತ್ತು, ವಾರ್ಲಿ ಮಕ್ಕಳಿಗೆ ಶಾಲೆ, ಹಾಸ್ಟೆಲ್ ಇತ್ತು. ಈಗ ಅದು ಪಾಲ್ಘರ್ ಜಿಲ್ಲೆ. 2014ರ ಆಗಸ್ಟ್‌ವರೆಗೆ ಟಿಟ್ವಾಳಾ, ತಲಾಸರಿ ಎರಡೂ ಒಂದೇ ಜಿಲ್ಲೆಯಲ್ಲಿದ್ದವು. ಅಲ್ಲಿದ್ದ ಜೆಸ್ಯೂಟ್ ಪೀಟರ್ ಡಿಮೆಲ್ಲೊ, ಪ್ರದೀಪ್ ಪ್ರಭು ಎಂಬ ಹೆಸರಿಟ್ಟುಕೊಂಡು 1978ರಲ್ಲಿ ಸಂಗಾತಿಗಳ ಜೊತೆ 'ಕಷ್ಟಕರಿ ಸಂಘಟನಾ' ಕಟ್ಟಿದರು. ಮುಂಬೈನ ಪಿ. ಡಿಮೆಲ್ಲೊ ರಸ್ತೆಗೆ ಹೆಸರು ಕೊಟ್ಟ ಕಾರ್ಮಿಕ ನಾಯಕ ಬೇರೆ, ಇವರು ಬೇರೆ.

ಶಾಲೆ ನಡೆಸುವವರೆಗೆ ಯಾರಿಗೂ ತಕರಾರಿರಲಿಲ್ಲ. ಕೂಲಿ ದರ, ಒತ್ತುವರಿಯಾದ ಆದಿವಾಸಿ ಜಮೀನು, ಅರಣ್ಯ ಇಲಾಖೆಯ ಕಿರುಕುಳದ ವಿಷಯ ಎತ್ತಿದಾಗ ಎಲ್ಲ ಕಡೆಯಿಂದಲೂ ಏಟು ಬಿತ್ತು. ಜಮೀನ್ದಾರರಿಗೆ ಇವರು ನಕ್ಸಲರು. ಹಿಂದುತ್ವ ಸಂಘಟನೆಗಳಿಗೆ ಮತಾಂತರದ ಏಜೆಂಟರು. 1945ರಿಂದ ಆ ಪ್ರದೇಶವನ್ನು ತನ್ನ ನೆಲೆಯಾಗಿಸಿಕೊಂಡಿದ್ದ ಮಾರ್ಕ್ಸ್‌ವಾದಿ ಪಕ್ಷಕ್ಕೆ, ಕೆಂಪು ಕೋಟೆ ಒಡೆಯಲು ಚರ್ಚ್ ಕಳಿಸಿದವರು. ಎರಡೂ ಸಂಘಟನೆಗಳ ಆದಿವಾಸಿಗಳ ನಡುವೆಯೇ ಘರ್ಷಣೆಗಳಾದವು. ಬಡವರ ಪರ ಇರುವ ಎರಡು ಗುಂಪುಗಳು ಬಡವರನ್ನೇ ಹಂಚಿಕೊಂಡು ಹೊಡೆದಾಡಿದ ಈ ಅಧ್ಯಾಯದ ಬಗ್ಗೆ ಎರಡೂ ಕಡೆಯವರು ಮಾತಾಡುವುದು ಕಡಿಮೆ.

ಪ್ರಭು ಪಾದ್ರಿಯಾಗಿ ಉಳಿಯಲಿಲ್ಲ, ವಕೀಲರಾದರು. ಅರಣ್ಯ ಜಮೀನಿನ ಹಕ್ಕಿಗೆ ಕಾಗದಪತ್ರವೊಂದೇ ಸಾಕ್ಷಿ ಎಂದರೆ ಓದುಬರಹ ಬಾರದ ಆದಿವಾಸಿ ಗೆಲ್ಲುವುದು ಹೇಗೆ ಎಂಬ ಅವರ ಹೆಸರಿನ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ದಾಖಲೆಯ ಜೊತೆ ಬೇರೆ ಸಾಕ್ಷ್ಯವನ್ನೂ ಪರಿಗಣಿಸಿ ಅರ್ಜಿಗಳನ್ನು ಪರಿಶೀಲಿಸಬೇಕು ಎಂಬ ಆದೇಶ 1995ರಲ್ಲಿ ಬಂತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಊರ ಹಿರಿಯರ ಹೇಳಿಕೆಗೂ ಸಾಕ್ಷ್ಯದ ಬೆಲೆ ಸಿಕ್ಕಿದ್ದರ ಹಿಂದೆ ಇಂಥ ಹೋರಾಟಗಳಿವೆ. ದೈವಶಾಸ್ತ್ರದ ಪುಸ್ತಕಗಳಲ್ಲಿ ಈ ತೀರ್ಪಿನ ಹೆಸರು ಕಾಣುವುದಿಲ್ಲ.

ಅದೇ ಹಳೆಯ ಥಾಣೆ ಜಿಲ್ಲೆಯ ವಸಯಿಯಲ್ಲಿ ಫಾದರ್ ಫ್ರಾನ್ಸಿಸ್ ದಿಬ್ರಿಟೊ ಚರ್ಚ್ ಬಿಡದೆಯೇ ಬೀದಿಗಿಳಿದರು. ಬಿಲ್ಡರ್‌ಗಳ ಮತ್ತು ನೀರಿನ ಟ್ಯಾಂಕರ್ ದಂಧೆಯ ವಿರುದ್ಧ 'ಹರಿತ ವಸಯಿ' ಚಳವಳಿ ಕಟ್ಟಿದರು. ಅವರ ಮರಾಠಿ ಬೈಬಲ್‌ಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಆದರೂ 2020ರ ಉಸ್ಮಾನಾಬಾದ್ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಪಾದ್ರಿಯೊಬ್ಬರು ಅಧ್ಯಕ್ಷರಾಗುವುದೇ ಎಂಬ ವಿರೋಧ ಎದುರಿಸಬೇಕಾಯಿತು. 2024ರ ಜುಲೈನಲ್ಲಿ ಅವರು ತೀರಿಕೊಂಡರು.

ಕಾನೂನಿನ ಕಣ್ಣಿನಲ್ಲಿ 'ಆಮಿಷ'

ಲ್ಯಾಟಿನ್ ಅಮೆರಿಕದಲ್ಲಿ ಇಲ್ಲದ ಒಂದು ತೊಡಕು ಭಾರತದಲ್ಲಿದೆ. ಅಲ್ಲಿ ಪಾದ್ರಿಯೂ ಜಮೀನ್ದಾರನೂ ಒಂದೇ ಚರ್ಚ್‌ನವರು. ಇಲ್ಲಿ ಚರ್ಚ್ ಅಲ್ಪಸಂಖ್ಯಾತ. ಬಡವನಿಗೆ ಅದು ಏನು ಕೊಟ್ಟರೂ ಅನುಮಾನ.

ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ 'ಆಮಿಷ' ಎಂಬುದರ ವ್ಯಾಖ್ಯಾನ ನೋಡಿ. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ ಎಲ್ಲವೂ ಅದರಲ್ಲಿ ಬರುತ್ತವೆ. 2023ರ ಜೂನ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಈ ಕಾಯ್ದೆ ರದ್ದುಪಡಿಸಲು ತೀರ್ಮಾನಿಸಿತು. ಬಡವನ ಬದುಕು ಸುಧಾರಿಸುತ್ತದೆ ಎನ್ನುವುದೇ ಆಮಿಷವಾದರೆ, ಪೋಪ್ ಪತ್ರದ ಅರ್ಧ ಭಾಗ ಆ ವ್ಯಾಖ್ಯಾನದೊಳಗೆ ಬೀಳುತ್ತದೆ. ಇದಕ್ಕೆ ಹೆದರಿ ಅನೇಕ ಸಭೆಗಳು ಪ್ರಾರ್ಥನೆಗಷ್ಟೇ ಸೀಮಿತವಾಗುತ್ತವೆ. ಪ್ರಾರ್ಥನೆಗಷ್ಟೇ ಸೀಮಿತವಾದಾಗಲೂ ಅನುಮಾನ ಹೋಗುವುದಿಲ್ಲ.

ತಳೋಜಾದ ಕೈದಿ

ನವಿ ಮುಂಬೈನ ತಳೋಜಾ ಕೇಂದ್ರ ಕಾರಾಗೃಹಕ್ಕೆ 2020ರ ಅಕ್ಟೋಬರ್‌ನಲ್ಲಿ ಬಂದ ಕೈದಿಯೊಬ್ಬರಿಗೆ ಆಗ 83 ವರ್ಷ. ಹೆಸರು ಸ್ಟ್ಯಾನ್ ಸ್ವಾಮಿ. ತಮಿಳುನಾಡಿನ ತಿರುಚಿನಾಪಳ್ಳಿ ಕಡೆಯವರು, ಜೆಸ್ಯೂಟ್ ಪಾದ್ರಿ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. ಅರೂಪೆ ಕಾಲದ ಆ ನಿರ್ಣಯವನ್ನು ಅಕ್ಷರಶಃ ನಂಬಿದ ತಲೆಮಾರು ಅವರದ್ದು. ಬೆಂಗಳೂರು ಬಿಟ್ಟ ಮೇಲೆ ಜಾರ್ಖಂಡ್‌ಗೆ ಹೋದರು. ಅಲ್ಲಿ ಗಣಿ ಮತ್ತು ಅಣೆಕಟ್ಟಿಗೆ ಜಮೀನು ಕಳೆದುಕೊಂಡ ಆದಿವಾಸಿಗಳ ನಡುವೆ ಕೆಲಸ. ನಕ್ಸಲರೆಂದು ಜೈಲಿಗೆ ಹಾಕಲಾದ ಆದಿವಾಸಿ ಯುವಕರ ಬಗ್ಗೆ 2016ರಲ್ಲಿ ಅಧ್ಯಯನ ವರದಿ ತಂದರು. ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದ ಅವರ ಪರವಾಗಿ ಹೈಕೋರ್ಟ್‌ಗೆ ಹೋದರು.

ಭೀಮಾ ಕೋರೆಗಾಂವ್-ಎಲ್ಗಾರ್ ಪರಿಷತ್ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ದಳ ಅವರನ್ನು ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿಸಿತು. ನಿಷೇಧಿತ ಮಾವೋವಾದಿ ಪಕ್ಷದ ಜೊತೆ ನಂಟಿದೆ ಎಂಬುದು ಆರೋಪ. ಸ್ವಾಮಿ ಅದನ್ನು ಕೊನೆಯವರೆಗೂ ನಿರಾಕರಿಸಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದುದರಿಂದ ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಬೇಕೆಂದು ನವೆಂಬರ್ 6ರಂದು ಕೋರ್ಟ್‌ಗೆ ಅರ್ಜಿ ಹಾಕಿದರು. ಉತ್ತರಿಸಲು ತನಿಖಾ ದಳ 20 ದಿನ ಕೇಳಿತು. ಆಮೇಲೆ ಅವು ತನ್ನ ಬಳಿ ಇಲ್ಲ ಎಂದಿತು.

2021ರ ಮಾರ್ಚ್‌ನಲ್ಲಿ ವಿಶೇಷ ಕೋರ್ಟ್ ಜಾಮೀನು ನಿರಾಕರಿಸಿತು. ಮೇ ತಿಂಗಳಲ್ಲಿ ವಿಡಿಯೋ ಮೂಲಕ ಬಾಂಬೆ ಹೈಕೋರ್ಟ್ ಮುಂದೆ ಬಂದ ಸ್ವಾಮಿ, ಆಸ್ಪತ್ರೆ ಬೇಡ, ರಾಂಚಿಯಲ್ಲಿ ತನ್ನವರ ಜೊತೆ ಇರಲು ಬಿಡಿ ಎಂದು ಕೇಳಿಕೊಂಡರು. ಕೊನೆಗೆ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಲಾಯಿತು. ಜುಲೈ 5ರಂದು, ಜಾಮೀನು ಅರ್ಜಿಯ ವಿಚಾರಣೆಯ ದಿನವೇ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ವಿಚಾರಣೆ ಶುರುವಾಗಿರಲೇ ಇಲ್ಲ. ಅವರ ಕಂಪ್ಯೂಟರ್‌ಗೆ ಹೊರಗಿನಿಂದ ಕಡತಗಳನ್ನು ಸೇರಿಸಲಾಗಿತ್ತು ಎಂದು ಆರೋಪಿಗಳ ಪರ ವಕೀಲರು ನೇಮಿಸಿದ್ದ ಅಮೆರಿಕದ ಆರ್ಸೆನಲ್ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು.

ಸಿದ್ಧಾಂತದ ಶುದ್ಧತೆಯ ಬಗ್ಗೆ ಸ್ವಾಮಿಯವರನ್ನು ಯಾವ ಮಂಡಳಿಯೂ ವಿಚಾರಣೆಗೆ ಕರೆಯಲಿಲ್ಲ. ಕಪ್ಪೆನ್ ಹಾಗೆ ಅವರು ವಿವಾದದ ಪುಸ್ತಕ ಬರೆದವರಲ್ಲ. ಭಾರತದ ಬಿಷಪರ ಮಂಡಳಿ ಅವರ ಬಿಡುಗಡೆಗೆ ಒತ್ತಾಯಿಸಿತು. 1984ರಲ್ಲಿ ರೋಮ್ ಎಳೆದ ಗೆರೆ, ಅಂದರೆ ಸೇವೆ ಇರಲಿ, ಹೋರಾಟ ಬೇಡ ಎಂಬುದು, ಈಗ ಚರ್ಚ್‌ನ ಕೈಯಿಂದ ಸರ್ಕಾರದ ಕೈಗೆ ಹೋಗಿದೆ. ರೋಮ್ ಅದನ್ನು ನಿಧಾನವಾಗಿ ಅಳಿಸುತ್ತಿದೆ. ದೆಹಲಿ ಮತ್ತು ರಾಜ್ಯಗಳ ರಾಜಧಾನಿಗಳಲ್ಲಿ ಅದು ದಪ್ಪವಾಗುತ್ತಿದೆ.

ಸ್ವಾಮಿ ನಿಧನದ ಎರಡು ವಾರಗಳ ಬಳಿಕ, ಜುಲೈ 19ರಂದು, ಅವರ ಅರ್ಜಿಗಳ ವಿಚಾರಣೆ ನಡೆಸಿದ್ದ ನ್ಯಾಯಮೂರ್ತಿ ಎಸ್.ಎಸ್. ಶಿಂದೆ ಅವರ ಪೀಠ, ಪ್ರಕರಣ ಏನೇ ಇರಲಿ, ಅವರು ಸಮಾಜಕ್ಕಾಗಿ ಮಾಡಿದ ಕೆಲಸದ ಬಗ್ಗೆ ಗೌರವವಿದೆ ಎಂಬರ್ಥದ ಮಾತು ಹೇಳಿತು. ತನಿಖಾ ದಳ ಆಕ್ಷೇಪಿಸಿತು. ಜುಲೈ 23ರಂದು ನ್ಯಾಯಮೂರ್ತಿ ಆ ಮಾತನ್ನು ಹಿಂಪಡೆದರು.